ದೊಡ್ಡ ಮೇಷ್ಟ್ರ ನೆನಪಿಗೆ ಟೀಚರ್ ಟ್ರೈನಿಂಗ್ ಓದುವವರಿಗೆ ಸ್ಕಾಲರ್‌ಶಿಪ್: ಹೇಗೆ ಕೊಡೋಣ ಹೇಳಿ

ಹಿಂದಿನ ಬೆಂಚು

ಎಲ್ಲರಿಗೂ ನಮಸ್ಕಾರ. ಹೊಸದುರ್ಗ ತಾಲ್ಲೂಕಿನ ನಮ್ಮೂರ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಪಾಠ ಮಾಡಿದ ದೊಡ್ಡ ಮೇಷ್ಟ್ರು ಹೋದ ಕಾರ್ತಿಕದಲ್ಲಿ ತೀರಿಕೊಂಡರು. ಹೆಸರು ಇಲ್ಲಿ ಬೇಡ ಅಂತ ಮನೆಯವರು ಹೇಳಿದ್ದಾರೆ. ನಮಗೂ ಅವರನ್ನು ಹೆಸರು ಹಿಡಿದು ಕರೆದು ಅಭ್ಯಾಸ ಇಲ್ಲ.

ತಿಥಿಯ ದಿನ ಹಳೇ ವಿದ್ಯಾರ್ಥಿಗಳು ನಲವತ್ತು ಜನ ಸೇರಿದ್ದೆವು. ಊಟ ಆದಮೇಲೆ ಎಲೆ ಅಡಿಕೆ ಹಾಕುತ್ತಾ ಅವರ ನೆನಪಿಗೆ ಏನಾದರೂ ಮಾಡಬೇಕು ಅನ್ನೋ ಮಾತು ಬಂತು. ಒಬ್ಬರು ಶಾಲೆಗೆ ಕಮಾನು ಅಂದರು. ಇನ್ನೊಬ್ಬರು ಬಸ್ ಸ್ಟ್ಯಾಂಡಿನಲ್ಲಿ ಪುತ್ಥಳಿ ಅಂದರು. ಮೇಷ್ಟ್ರು ಕೇಳಿಸಿಕೊಂಡಿದ್ದರೆ ಇಬ್ಬರನ್ನೂ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ನನಗೆ ನೆನಪಾಗಿದ್ದು ಶನಿವಾರದ ಬೆಳಗಿನ ಶಾಲೆ. ಅವತ್ತು ಕೊನೆಯ ಪೀರಿಯಡ್ಡು ಮೇಷ್ಟ್ರು ಪಾಠ ಮಾಡುತ್ತಿರಲಿಲ್ಲ. ಏಳನೇ ಕ್ಲಾಸಿನ ಒಬ್ಬನನ್ನು ಮೂರನೇ ಕ್ಲಾಸಿಗೆ ಕಳಿಸಿ, ತಾವು ಚಿಕ್ಕ ಮಕ್ಕಳ ಮಧ್ಯೆ ಹಿಂದೆ ಹೋಗಿ ಮಣೆ ಮೇಲೆ ಕೂರುತ್ತಿದ್ದರು. ನನ್ನ ಪಾಳಿ ಬಂದಾಗ ಏಳರ ಮಗ್ಗಿ ಹೇಳಿಕೊಟ್ಟೆ. ಗಂಟಲು ಹರಿಯೋ ಹಾಗೆ ಕಿರುಚಿದೆ, ಮಕ್ಕಳೂ ಕಿರುಚಿದವು. ಭಾರೀ ಚೆನ್ನಾಗಿ ಆಯ್ತು ಅಂದುಕೊಂಡೆ. ಹೊರಗೆ ಬಂದಮೇಲೆ ಅವರು ಕೇಳಿದ್ದು ಒಂದೇ ಮಾತು. "ಕಿಟಕಿ ಪಕ್ಕದ ಹುಡುಗಿ ಬರೀ ಬಾಯಿ ಆಡಿಸ್ತಿದ್ಲು, ನೋಡಿದ್ಯೇನೋ?" ನಾನು ನೋಡಿರಲಿಲ್ಲ.

ನಮ್ಮ ಬ್ಯಾಚಿನಲ್ಲಿ ನಾಲ್ಕು ಜನ ಟೀಚರ್ ಆದರು. ನಾನು ಆಗಲಿಲ್ಲ, ಗೊಬ್ಬರದ ಅಂಗಡಿ ಇಟ್ಟೆ. ಅದಕ್ಕೇ ಇರಬೇಕು, ಟ್ರೈನಿಂಗ್ ಓದುವ ಮಕ್ಕಳಿಗೆ ಸ್ಕಾಲರ್‌ಶಿಪ್ ಕೊಡೋಣ ಅಂತ ಹೇಳಿದವನು ನಾನೇ.

ಇದುವರೆಗೆ 4,60,000 ರೂಪಾಯಿ ಮಾತು ಬಂದಿದೆ. ಕೈಗೆ ಬಂದಿರೋದು ಅದರಲ್ಲಿ ಅರ್ಧ, ಅದು ಬೇರೆ ಕಥೆ. ನನ್ನ ಯೋಚನೆ ಇಷ್ಟೇ: ದುಡ್ಡನ್ನು ಬ್ಯಾಂಕಿನಲ್ಲಿ ಠೇವಣಿ ಇಡೋದು. ಬರುವ ಬಡ್ಡಿಯನ್ನು ಪ್ರತಿ ವರ್ಷ ಸೆಪ್ಟೆಂಬರ್ 5ರಂದು ಒಂದು ಕಾರ್ಯಕ್ರಮ ಮಾಡಿ, ಹೆಚ್ಚು ಅಂಕ ತೆಗೆದ ಒಬ್ಬ ಬಿ.ಎಡ್ ವಿದ್ಯಾರ್ಥಿಗೆ ಚೆಕ್ ಕೊಡೋದು. ಸರಿ ಇದೆಯಾ?

ರಾಗಿಮುದ್ದೆ

ಅಣ್ಣಾ, ಒಳ್ಳೇ ಕೆಲಸ. ಆದರೆ ವೇದಿಕೆ ಮೇಲೆ ಚೆಕ್ ಮಾತ್ರ ದಯವಿಟ್ಟು ಬೇಡ.

ನಾನು ಬಿ.ಎಡ್ ಓದುವಾಗ ಒಂದು ಸಂಘದವರು ನನಗೆ 1,000 ರೂಪಾಯಿ ಕೊಟ್ಟರು. ಅದಕ್ಕೆ ಆದಾಯ ಪ್ರಮಾಣಪತ್ರ ಬೇಕು ಅಂತ ನಾಡಕಚೇರಿಗೆ ಎರಡು ಸಲ ಹೋದೆ. ಫಾರಂ ಕೊಡಲು ಒಂದು ಸಲ. ಅದರಲ್ಲಿ ಫೋಟೋ ಅಂಟಿಸಿರಲಿಲ್ಲ ಅಂತ ಇನ್ನೊಂದು ಸಲ. ಕಾರ್ಯಕ್ರಮಕ್ಕೆ ಅಪ್ಪನೂ ಬರಬೇಕು ಅಂದರು, ಅವರ ಒಂದು ದಿನದ ಕೂಲಿ ಹೋಯಿತು.

ಅದೂ ಇರಲಿ. ನಿರೂಪಣೆ ಮಾಡುತ್ತಿದ್ದವರು ಮೈಕಿನಲ್ಲಿ "ಕಡು ಬಡತನದಲ್ಲಿ ಅರಳಿದ ಪ್ರತಿಭೆ" ಅಂದರು. ಮುಂದಿನ ಸಾಲಿನಲ್ಲಿ ಪ್ರಾರ್ಥನೆ ಹಾಡಲು ಬಂದ ಮಕ್ಕಳು ಕೂತಿದ್ದರು. ಎಲ್ಲಾ ನಾನು ಪಾಠದ ಅಭ್ಯಾಸಕ್ಕೆ ಹೋಗುತ್ತಿದ್ದ ಶಾಲೆಯವರೇ. ಸೋಮವಾರ ಕ್ಲಾಸಿಗೆ ಕಾಲಿಟ್ಟರೆ ಒಬ್ಬ ಎದ್ದು ನಿಂತು "ಸಾರ್, ನಿಮಗೆ ದುಡ್ಡು ಕೊಟ್ರಂತೆ" ಅಂದ. ಅವತ್ತು ಬೋರ್ಡಿನ ಕಡೆ ಮುಖ ಮಾಡಿಕೊಂಡೇ ಜಾಸ್ತಿ ಹೊತ್ತು ಪಾಠ ಮಾಡಿದೆ.

ಶಾಲು ಇನ್ನೂ ಇದೆ. ಅಮ್ಮ ಹಪ್ಪಳ ಒಣಗಿಸಲು ಹಾಸುತ್ತಾರೆ.

ಧಾರವಾಡ ಫೇಡೆ

ಠೇವಣಿ ಇಡುವ ಮುಂಚೆ ನಮ್ಮ ಮನೆ ಕಥೆ ಕೇಳಿರಿ. ನಮ್ಮ ಅಜ್ಜ ಸಾಲಿ ಮಾಸ್ತರು. ಅವರು ತೀರಿದ ಮೇಲೆ 1984ರಲ್ಲಿ ಅಪ್ಪ ಒಂದು ಸಂಸ್ಥೆಯಲ್ಲಿ 5,000 ರೂಪಾಯಿ ದತ್ತಿ ಇಟ್ಟರು. ಆಗಿನ ಕಾಲಕ್ಕೆ ಅದು ದೊಡ್ಡ ರೊಕ್ಕ. ಬಡ್ಡಿಯಲ್ಲಿ ಒಬ್ಬ ಹುಡುಗನ ವರ್ಷದ ಪುಸ್ತಕ ಬರುತ್ತಿದ್ದವು. ಹೋದ ವರ್ಷ ನನ್ನನ್ನು ಕರೆದಿದ್ದರು. ಬಡ್ಡಿ 350 ರೂಪಾಯಿ. ನನಗೆ ಹಾಕಿದ ಹಾರಕ್ಕೇ ಅದಕ್ಕಿಂತ ಜಾಸ್ತಿ ಆಗಿತ್ತು ಅಂತ ಕಾಣುತ್ತದೆ. ಆ ಹುಡುಗಿ ಲಕೋಟೆ ತಗೊಂಡು ಕಾಲಿಗೆ ಬಿದ್ದಳು. ನಾನು ಎಲ್ಲಿ ನೋಡಬೇಕು ಅಂತ ತಿಳಿಯಲಿಲ್ಲ.

ಲೆಕ್ಕದ ಪುಸ್ತಕ

ಫೇಡೆಯವರು ಹೇಳಿದ್ದೇ ದತ್ತಿಗಳ ದೊಡ್ಡ ರೋಗ. ಅಸಲು ಹಾಗೇ ಇರುತ್ತದೆ, ಬೆಲೆ ಮಾತ್ರ ಏರುತ್ತಾ ಹೋಗುತ್ತದೆ.

ನಾನು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ, ಹಾಗಾಗಿ ನಾಲ್ಕು ಮಾತು. ಮೊದಲನೆಯದು, ಹಿಂದಿನ ಬೆಂಚು ಅವರೇ, ಈ ದುಡ್ಡನ್ನು ನಿಮ್ಮ ಸ್ವಂತ ಖಾತೆಯಲ್ಲಿ ಇಟ್ಟುಕೊಳ್ಳಬೇಡಿ. ಬಡ್ಡಿ ನಿಮ್ಮ ಆದಾಯ ಅಂತ ಆಗುತ್ತದೆ, ತೆರಿಗೆ ನಿಮ್ಮ ತಲೆಗೆ. ನಾಳೆ ನಿಮಗೇ ಹೆಚ್ಚುಕಮ್ಮಿ ಆದರೆ ನಿಮ್ಮ ಮಕ್ಕಳಿಗೂ ಮೇಷ್ಟ್ರ ಶಿಷ್ಯರಿಗೂ ಜಗಳ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಟ್ರಸ್ಟ್ ಪತ್ರ ನೋಂದಣಿ ಮಾಡಿಸಿ, ಟ್ರಸ್ಟ್ ಹೆಸರಿಗೆ ಪ್ಯಾನ್ ತಗೊಂಡು, ಆದಾಯ ತೆರಿಗೆಯವರಲ್ಲಿ ಧರ್ಮಾರ್ಥ ಟ್ರಸ್ಟ್ ಅಂತ ನೋಂದಣಿ ಮಾಡಿಸಬೇಕು. ದಾನ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಬೇಕು ಅಂತ ಎಲ್ಲರೂ ಕೇಳುತ್ತಾರೆ. ಅದರ ಲಾಭ ಹಳೇ ತೆರಿಗೆ ಪದ್ಧತಿಯಲ್ಲಿ ಇರೋರಿಗೆ ಮಾತ್ರ. ನಗದು 2,000ಕ್ಕಿಂತ ಜಾಸ್ತಿ ಕೊಟ್ಟರೆ ಅದಕ್ಕೆ ಅದೂ ಇಲ್ಲ.

ಈಗ ಲೆಕ್ಕ. 4,60,000ಕ್ಕೆ ಶೇಕಡಾ 7ರ ಬಡ್ಡಿ ಅಂದುಕೊಳ್ಳಿ, ವರ್ಷಕ್ಕೆ 32,200. ಟ್ರಸ್ಟ್ ತನ್ನ ಆದಾಯದಲ್ಲಿ ಶೇಕಡಾ 85 ಖರ್ಚು ಮಾಡಬೇಕು, 15 ಉಳಿಸಿಕೊಳ್ಳಬಹುದು. ಅಂದರೆ 4,830 ಮತ್ತೆ ಅಸಲಿಗೆ ಸೇರಿಸಿ. ಕೊಡಲು ಸಿಗೋದು 27,370. ಇದನ್ನು ಒಬ್ಬರಿಗೆ ಒಂದೇ ಸಲ ಕೊಡ್ತೀರೋ, ಹಂಚಿ ಕೊಡ್ತೀರೋ ನಿಮಗೆ ಬಿಟ್ಟಿದ್ದು. ಇಷ್ಟು ಸಣ್ಣ ಮೊತ್ತಕ್ಕೆ ಟ್ರಸ್ಟಿನ ಓಡಾಟ ಜಾಸ್ತಿ ಆಯ್ತು ಅನಿಸಿದರೆ ಇನ್ನೊಂದು ದಾರಿ ಇದೆ. ಅಸಲು ಇಡಲೇಬೇಡಿ. ಹತ್ತು ಜನ ಸೇರಿ, ವರ್ಷ ವರ್ಷ ನೇರವಾಗಿ ವಿದ್ಯಾರ್ಥಿಯ ಖಾತೆಗೇ ಹಾಕಿ.

ಬಳಪ

ನಾನು ಈಗ ಬಿ.ಎಡ್ ಎರಡನೇ ವರ್ಷ ಓದುತ್ತಿದ್ದೇನೆ. ಇಲ್ಲಿ ಮಾತಾಡುತ್ತಿರೋರೆಲ್ಲ ಹಿರಿಯರು, ತಪ್ಪಿದ್ದರೆ ಕ್ಷಮಿಸಿ.

ಬಿ.ಎಡ್ ಖರ್ಚು ಅಂದರೆ ಎಲ್ಲರೂ ಫೀಸು ಅಂದುಕೊಳ್ಳುತ್ತಾರೆ. ನನ್ನದು ಸರ್ಕಾರಿ ಕೋಟಾದ ಸೀಟು. ಫೀಸಿಗೆ ಹೇಗೋ ದಾರಿ ಆಯಿತು, ಒಂದಷ್ಟು ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ (ಎಸ್‌ಎಸ್‌ಪಿ) ಅರ್ಜಿ ಹಾಕಿದ್ದಕ್ಕೂ ಬಂತು. ಕಷ್ಟ ಶುರುವಾಗಿದ್ದು ಇಂಟರ್ನ್‌ಶಿಪ್‌ನಲ್ಲಿ. 2015ರಿಂದ ಬಿ.ಎಡ್ ಎರಡು ವರ್ಷ ಆಯ್ತಲ್ಲ, ಅದರಲ್ಲಿ ಇಪ್ಪತ್ತು ವಾರ ಶಾಲೆಯಲ್ಲಿ ಇರಬೇಕು. ಮೊದಲ ವರ್ಷ ನಾಲ್ಕು ವಾರ, ಎರಡನೇ ವರ್ಷ ಹದಿನಾರು ವಾರ. ಬೆಳಿಗ್ಗೆ ಪ್ರಾರ್ಥನೆಯಿಂದ ಸಂಜೆ ಗಂಟೆ ಹೊಡೆಯೋವರೆಗೆ. ಸಂಬಳ ಇಲ್ಲ.

ಮೊದಲ ವರ್ಷ ಕಾಲೇಜು ಬಿಟ್ಟಮೇಲೆ ನಾನು ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೂರುತ್ತಿದ್ದೆ, ಆಮೇಲೆ ಎರಡು ಮನೆಗೆ ಟ್ಯೂಷನ್. ತಿಂಗಳಿಗೆ ನಾಲ್ಕು ಸಾವಿರದ ಹತ್ತಿರ ಆಗುತ್ತಿತ್ತು. ಇಂಟರ್ನ್‌ಶಿಪ್ ಶಾಲೆ ಹದಿನೆಂಟು ಕಿಲೋಮೀಟರ್ ದೂರ. ಏಳೂಕಾಲರ ಬಸ್ಸು ತಪ್ಪಿದರೆ ಮುಂದಿನದು ಹತ್ತಕ್ಕೆ. ವಾಪಸ್ ರೂಮಿಗೆ ಬರೋ ಹೊತ್ತಿಗೆ ಆರೂವರೆ. ಅಂಗಡಿ ಬಿಟ್ಟೆ, ಟ್ಯೂಷನ್ನೂ ಬಿಟ್ಟೆ. ಶಕ್ತಿ ಯೋಜನೆ ಇರೋದಕ್ಕೆ ನಮಗೆ ಬಸ್ ಚಾರ್ಜ್ ಇಲ್ಲ, ನಮ್ಮ ಜೊತೆಯ ಹುಡುಗರಿಗೆ ಅದೂ ಖರ್ಚು. ಬಸ್ ಇಳಿದು ಒಳಗೆ ಮೂರು ಕಿಲೋಮೀಟರ್ ಆಟೋ.

ದಿನಾ ಒಂದೋ ಎರಡೋ ಪಾಠ. ಒಂದೊಂದಕ್ಕೂ ಪಾಠಯೋಜನೆ ಬರೆದು, ಪಾಠ ಮಾಡೋ ವಿಧಾನ ಕಲಿಸೋ ಮೆಥಡ್ ಮೇಡಂ ಹತ್ತಿರ ಸಹಿ ಹಾಕಿಸಬೇಕು. ಚಾರ್ಟು, ಸ್ಕೆಚ್ ಪೆನ್ನು, ಥರ್ಮಕೋಲು, ಫೆವಿಕಾಲು. ಒಂದೊಂದೂ ಹತ್ತಿಪ್ಪತ್ತು ರೂಪಾಯಿ, ತಿಂಗಳ ಕೊನೆಗೆ ಕೂಡಿಸಿದರೆ ಎದೆ ಧಸಕ್ ಅನ್ನುತ್ತೆ. ಕಾಲೇಜಿನ ಯೂನಿಫಾರ್ಮ್ ಸೀರೆ ಎರಡೇ. ಮಳೆಗಾಲದಲ್ಲಿ ಒಣಗಲ್ಲ, ಇಸ್ತ್ರಿ ಪೆಟ್ಟಿಗೆಯಲ್ಲಿ ಒಣಗಿಸಿ ಉಟ್ಟಿದ್ದೇನೆ.

ನನ್ನ ಜೊತೆ ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರೋ ಗೆಳತಿಗೆ ಯುವನಿಧಿಯ 3,000 ಬರುತ್ತೆ. ಮುಂದೆ ಓದಲು ಹೋದವರಿಗೆ ಅದು ಇಲ್ಲ. ಅವಳ ಮೇಲೆ ಹೊಟ್ಟೆಕಿಚ್ಚಿಲ್ಲ, ಸುಮ್ನೆ ಹೇಳಿದೆ. ಹೋದ ತಿಂಗಳು ನನಗೆ ಸಾಲ ಕೊಟ್ಟಿದ್ದೂ ಅವಳೇ.

ಸೆಪ್ಟೆಂಬರ್ 5ಕ್ಕೆ ಒಂದು ಚೆಕ್ ಕೊಟ್ಟರೆ ಅದು ಮನೆಗೆ ಹೋಗುತ್ತೆ. ಅಪ್ಪನಿಗೆ ಸಾಲ ಇರುತ್ತೆ, ತಮ್ಮನ ಫೀಸು ಇರುತ್ತೆ, ನಾವು ಬೇಡ ಅನ್ನೋಕೆ ಆಗಲ್ಲ. ಆ ನಾಲ್ಕು ತಿಂಗಳು, ತಿಂಗಳು ತಿಂಗಳು ಬಂದರೆ ಅದು ನಮ್ಮ ಕೈಯಲ್ಲಿ ಉಳಿಯುತ್ತೆ.

ಹಿಂದಿನ ಬೆಂಚು

ಬಳಪ, ಕ್ಷಮೆ ಯಾಕಮ್ಮ ಕೇಳ್ತೀಯ. ಇದು ನನಗೆ ಗೊತ್ತೇ ಇರಲಿಲ್ಲ. ಇಂಟರ್ನ್‌ಶಿಪ್ ಅಂದರೆ ಏನೋ ದುಡ್ಡು ಕೊಡ್ತಾರೆ ಅಂದುಕೊಂಡಿದ್ದೆ. ನನ್ನ ಅಣ್ಣನ ಮಗನಿಗೆ ಸಾಫ್ಟ್‌ವೇರ್ ಕಂಪನಿಯಲ್ಲಿ ಕೊಟ್ಟಿದ್ದರು.

ಲೆಕ್ಕದ ಪುಸ್ತಕ, 27,370ನ್ನು ನಾಲ್ಕು ತಿಂಗಳಿಗೆ ಹಾಕಿದರೆ?

ಲೆಕ್ಕದ ಪುಸ್ತಕ

ಇಬ್ಬರಿಗೆ ತಿಂಗಳಿಗೆ 3,400ರಂತೆ ನಾಲ್ಕು ತಿಂಗಳು. ಒಟ್ಟು 27,200. ಸರಿಯಾಗಿ ಕೂರುತ್ತದೆ. ಸರ್ಕಾರದ ವಿದ್ಯಾಸಿರಿ ಶುರುವಾದಾಗ ಊಟ ವಸತಿಗೆ ಕೊಡುತ್ತಿದ್ದದ್ದು ತಿಂಗಳಿಗೆ 1,500, ಹತ್ತು ತಿಂಗಳು. ತಿಂಗಳ ಲೆಕ್ಕದಲ್ಲಿ ಅದಕ್ಕೆ ಹೋಲಿಸಿದರೆ ಇದು ಕಡಿಮೆ ಏನಲ್ಲ.

ಗಟ್ಟಿಮಾತು

ಎಲ್ಲಾ ಸರಿ, ಆದರೆ ಒಂದು ಷರತ್ತು ಇರಲಿ. ನಮ್ಮ ದುಡ್ಡಿನಲ್ಲಿ ಓದಿ ನಾಳೆ ಬೆಂಗಳೂರಿನ ಯಾವುದೋ ಇಂಟರ್‌ನ್ಯಾಷನಲ್ ಸ್ಕೂಲ್ ಸೇರಿದರೆ ಮೇಷ್ಟ್ರ ಆತ್ಮಕ್ಕೆ ಶಾಂತಿ ಸಿಗುತ್ತಾ? ಐದು ವರ್ಷ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡ್ತೀನಿ ಅಂತ ಬಾಂಡ್ ಬರೆಸಿಕೊಳ್ಳಿ. ಇಲ್ಲದಿದ್ದರೆ ದುಡ್ಡು ವಾಪಸ್.

ಸೀಮೆಸುಣ್ಣ

ಗಟ್ಟಿಮಾತು ಅವರಿಗೆ. ನಾನು ಡಯಟ್‌ನಲ್ಲಿ, ಅಂದರೆ ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ, ಹದಿನಾಲ್ಕು ವರ್ಷ ಇದ್ದು ನಿವೃತ್ತನಾದವನು. ಸರ್ಕಾರಿ ಶಾಲೆಗೆ ಹೋಗೋದು ಆ ಹುಡುಗಿಯ ಕೈಯಲ್ಲಿ ಇದ್ದರೆ ಬಾಂಡ್ ಬರೆಸಬಹುದು. ಅದು ಅವಳ ಕೈಯಲ್ಲಿ ಇಲ್ಲವಲ್ಲ ಸ್ವಾಮಿ. ಟ್ರೈನಿಂಗ್ ಮುಗಿಸಬೇಕು, ಟಿಇಟಿ ಅನ್ನೋ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ 150ಕ್ಕೆ 90 ತೆಗೀಬೇಕು, ಕೆಲವು ಮೀಸಲಾತಿಯವರಿಗೆ ಸ್ವಲ್ಪ ಕಡಿಮೆ. ಆಮೇಲೆ ಸರ್ಕಾರ ನೇಮಕಾತಿ ಕರೆಯೋವರೆಗೆ ಕಾಯಬೇಕು. ಕರೆದಾಗ ಮತ್ತೆ ಪರೀಕ್ಷೆ. 2022ರ ಮೇ ತಿಂಗಳಲ್ಲಿ ಆರರಿಂದ ಎಂಟನೇ ಕ್ಲಾಸಿನ 15,000 ಹುದ್ದೆಗೆ ಪರೀಕ್ಷೆ ಆಯಿತು, ಕೋರ್ಟು ಕಚೇರಿ ಎಲ್ಲಾ ಮುಗಿದು ಆದೇಶ ಕೈಗೆ ಬರೋ ಹೊತ್ತಿಗೆ 2023ರ ಕೊನೆ. ಅಲ್ಲಿಯವರೆಗೆ ಅವರು ಅತಿಥಿ ಶಿಕ್ಷಕರಾಗಿಯೋ, ಖಾಸಗಿ ಶಾಲೆಯಲ್ಲೋ ಹೊಟ್ಟೆ ಹೊರೆಯಬೇಕು. ಆಗ ನೀವು ಹೋಗಿ 13,600 ವಾಪಸ್ ಕೊಡು ಅಂತ ಬಾಗಿಲು ತಟ್ಟುತ್ತೀರಾ? ಖಾಸಗಿ ಶಾಲೆಯ ಮಕ್ಕಳೂ ಮಕ್ಕಳೇ ಅನ್ನೋದು ಬೇರೆ ವಿಚಾರ.

ನನ್ನ ತಕರಾರು ಬೇರೆ. ಎಲ್ಲರೂ ಬಿ.ಎಡ್ ಬಿ.ಎಡ್ ಅನ್ನುತ್ತಿದ್ದೀರಿ. ನಿಮ್ಮ ಮೇಷ್ಟ್ರು ಬಿ.ಎಡ್ ಮಾಡಿದ್ದರಾ? ಆ ಕಾಲದ ಪ್ರೈಮರಿ ಮೇಷ್ಟ್ರು ಅಂದರೆ ಟಿಸಿಎಚ್ ಟ್ರೈನಿಂಗ್ ಇರಬೇಕು. ಅದರ ಮೊಮ್ಮಗು ಈಗಿನ ಡಿ.ಎಲ್.ಎಡ್, ಪಿಯುಸಿ ಆದಮೇಲೆ ಎರಡು ವರ್ಷ. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಒಂದರಿಂದ ಐದನೇ ಕ್ಲಾಸಿಗೆ ಬಿ.ಎಡ್ ನಡೆಯಲ್ಲ. ಚಿಕ್ಕ ಮಕ್ಕಳಿಗೆ ಕಲಿಸೋದೇ ಬೇರೆ ವಿದ್ಯೆ ಅನ್ನೋದು ಅದರ ಹಿಂದಿನ ಮಾತು. ಆದರೆ ಡಿ.ಎಲ್.ಎಡ್ ಸೇರೋರೇ ಕಡಿಮೆ ಆಗಿದ್ದಾರೆ. ನಾನು ಸೇರಿದಾಗ ಒಂದು ಸೆಕ್ಷನ್ ತುಂಬಿ ತುಳುಕುತ್ತಿತ್ತು. ಬಿಡುವಾಗ ಹಾಜರಿ ಕೂಗಲು ಒಂದು ನಿಮಿಷ ಬೇಕಾಗುತ್ತಿರಲಿಲ್ಲ.

ಚಿಕ್ಕ ಮಕ್ಕಳಿಗೆ ಚಟುವಟಿಕೆಯಲ್ಲೇ ಕಲಿಸೋ ನಲಿ-ಕಲಿ ಗೊತ್ತಲ್ಲ? ಅದು 1995ರ ಹೊತ್ತಿಗೆ ಎಚ್.ಡಿ. ಕೋಟೆಯ ಪ್ರೈಮರಿ ಮೇಷ್ಟ್ರು, ಮೇಡಂಗಳ ಕೈಯಲ್ಲಿ ಶುರುವಾಗಿದ್ದು. ಆಂಧ್ರದ ಋಷಿ ವ್ಯಾಲಿ ಶಾಲೆಗೆ ಹೋಗಿ ನೋಡಿಕೊಂಡು ಬಂದು, ಕಾರ್ಡು ಬರೆದು, ಗುಂಪು ಗುಂಪಾಗಿ ಮಕ್ಕಳನ್ನು ಕೂರಿಸಿಕೊಂಡರು. ಆಮೇಲೆ ಇಡೀ ರಾಜ್ಯಕ್ಕೆ ಬಂತು. ಕಿಟಕಿ ಪಕ್ಕ ಬರೀ ಬಾಯಿ ಆಡಿಸೋ ಹುಡುಗಿಯನ್ನು ಕಂಡುಹಿಡಿಯೋ ಕೆಲಸ ಇರೋದು ಅಲ್ಲೇ, ಒಂದರಿಂದ ಮೂರನೇ ಕ್ಲಾಸಿನಲ್ಲಿ. ಹೈಸ್ಕೂಲಿಗೆ ಬಂದಮೇಲೆ ಕಂಡುಹಿಡಿದರೆ ತಡ ಆಯಿತು.

ರಾಗಿಮುದ್ದೆ

ಸಾರ್ ಮಾತು ನಾಟಿತು. ನಾನು ಹೈಸ್ಕೂಲು ಮೇಷ್ಟ್ರು. ಎಂಟನೇ ಕ್ಲಾಸಿಗೆ ಬರೋ ಮಕ್ಕಳಲ್ಲಿ ಓದೋಕೆ ತಡವರಿಸೋರನ್ನು ನೋಡಿದಾಗೆಲ್ಲ ಕೆಳಗಿನವರನ್ನು ಬೈದುಕೊಂಡಿದ್ದೇನೆ. ಕೆಳಗಿನವರಿಗೆ ಓದುವಾಗ ನಾವು ಏನು ಕೊಟ್ಟಿದ್ದೇವೆ ಅಂತ ಯೋಚನೆ ಮಾಡಿರಲಿಲ್ಲ.

ಬಳಪ

ಸೀಮೆಸುಣ್ಣ ಸರ್, ನೀವು ಹೇಳಿದ್ದು ಒಪ್ಪಿದೆ. ಆದರೂ ಬಿ.ಎಡ್‌ನವರನ್ನು ಪೂರ್ತಿ ಬಿಡಬೇಡಿ ಅಂತ ಸ್ವಾರ್ಥದ ಒಂದು ಮಾತು.

ಹೋದ ವಾರ ಏಳನೇ ಕ್ಲಾಸಿಗೆ ಕರ್ನಾಟಕದ ನದಿಗಳ ಪಾಠ. ನಕ್ಷೆಗೆ ನೀಲಿ ಉಲ್ಲನ್ ದಾರ ಅಂಟಿಸಿದ್ದೆ. ಕಾವೇರಿಗೆ ದಪ್ಪ, ಕೃಷ್ಣೆಗೆ ದಪ್ಪ, ತುಂಗಭದ್ರೆಗೆ ಸ್ವಲ್ಪ ತೆಳು. ಎಲ್ಲರೂ ಬಂದು ಮುಟ್ಟಿ ನೋಡಿದರು. ಒಬ್ಬ ಹುಡುಗ ಮುಟ್ಟಲಿಲ್ಲ, "ಮಿಸ್, ನಮ್ಮ ಹೊಳೆ ಎಲ್ಲಿ?" ಅಂದ. ಆ ಊರು ವೇದಾವತಿ ಪಕ್ಕದಲ್ಲೇ ಇದೆ. ಅದಕ್ಕೆ ಮಾರಿಕಣಿವೆಯಲ್ಲಿ ಕಟ್ಟೆ ಕಟ್ಟಿ ನೂರು ವರ್ಷದ ಮೇಲಾಯಿತು, ನಾನು ಅದನ್ನೇ ಹಾಕಿರಲಿಲ್ಲ. ದಾರ ಖಾಲಿ ಆಗಿತ್ತು ಅನ್ನೋದು ನಿಜ, ಅದಕ್ಕಿಂತ ನೆನಪೇ ಆಗಿರಲಿಲ್ಲ ಅನ್ನೋದು ಜಾಸ್ತಿ ನಿಜ. ಅವನೇ ತನ್ನ ಪುಸ್ತಕದ ಹೊಲಿಗೆಯಿಂದ ಬಿಳಿ ನೂಲು ಕಿತ್ತುಕೊಟ್ಟ. ಈಗ ನನ್ನ ನಕ್ಷೆಯಲ್ಲಿ ವೇದಾವತಿ ಬಿಳಿ. ಮೆಥಡ್ ಮೇಡಂ ಬಣ್ಣ ತಪ್ಪು ಅಂತ ಒಂದು ಅಂಕ ಕಳೆದರು.

ದೂರದೂರು

ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ನಾನೂ ಅದೇ ಶಾಲೆ, ಹಿಂದಿನ ಬೆಂಚಿಗಿಂತ ಮೂರು ವರ್ಷ ಹಿರಿಯ. ನನ್ನದು ಐದು ನೂರು ಡಾಲರ್ ಬರೆದುಕೊಳ್ಳಿ. ಪ್ರತಿ ವರ್ಷ ಕೊಡುತ್ತೇನೆ.

ಲೆಕ್ಕದ ಪುಸ್ತಕ

ಅಣ್ಣಾ, ನಿಮ್ಮದು ಇನ್ನೂ ಭಾರತದ ಪಾಸ್‌ಪೋರ್ಟಾ? ಹೌದಾದರೆ ತೊಂದರೆ ಇಲ್ಲ, ಬ್ಯಾಂಕಿನ ಮೂಲಕ ಕಳಿಸಿ. ಅಲ್ಲಿಯ ಪೌರತ್ವ ತಗೊಂಡಿದ್ದರೆ, ಭಾರತ ಮೂಲದವರಿಗೆ ಕೊಡೋ ಓಸಿಐ ಕಾರ್ಡ್ ಇದ್ದರೂ ಅದು ವಿದೇಶಿ ದೇಣಿಗೆ. ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ಅನುಮತಿ ಇಲ್ಲದೆ ಟ್ರಸ್ಟ್ ಒಂದು ರೂಪಾಯಿ ತಗೊಳ್ಳೋ ಹಾಗಿಲ್ಲ. ತಮ್ಮನ ಖಾತೆಗೆ ಹಾಕಿ ಅವನಿಂದ ಕೊಡಿಸ್ತೀನಿ ಅನ್ನಬೇಡಿ. ಎಲ್ಲರೂ ಮೊದಲು ಅದನ್ನೇ ಹೇಳೋದು.

ದೂರದೂರು

ಅದನ್ನೇ ಹೇಳಲು ಹೊರಟಿದ್ದೆ. ಸರಿ ಬಿಡಿ. ಊರಿಗೆ ಬಂದಾಗ ಊಟ ಹಾಕಿಸ್ತೀನಿ ಅಂದರೆ ಅದಕ್ಕೂ ಅನುಮತಿ ಬೇಕಾ?

ಅಪ್ಪನ ಮಗಳು

ಬೆಂಚಣ್ಣ ಇದನ್ನು ಓದು ಅಂತ ಕಳಿಸಿದರು. ಎಲ್ಲಾ ಓದಿದೆ. ಹಪ್ಪಳದ ಶಾಲು ಅಪ್ಪನಿಗೆ ಬಹಳ ಇಷ್ಟ ಆಗುತ್ತಿತ್ತು.

ಸೀಮೆಸುಣ್ಣ ಸರ್ ಊಹೆ ಸರಿ, ಅಪ್ಪನದು ಟಿಸಿಎಚ್. ಹೋದ ಭಾನುವಾರ ಅವರ ಟ್ರಂಕ್ ತೆಗೆದೆ. ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಟ್ರೈನಿಂಗ್ ಕಾಲದ ಲೆಕ್ಕ ಬರೆದಿಟ್ಟಿದ್ದಾರೆ. ಸೋಪು, ಸೀಮೆಎಣ್ಣೆ, ಡ್ರಾಯಿಂಗ್ ಶೀಟು. ಕೊನೆಯ ಪುಟದಲ್ಲಿ ವಾರಾನ್ನದ ಪಟ್ಟಿ. ಸೋಮವಾರ ಶಾನುಭೋಗರ ಮನೆ, ಮಂಗಳವಾರ ಜವಳಿ ಅಂಗಡಿಯವರು, ಬುಧವಾರ ಮತ್ತೆ ಶಾನುಭೋಗರ ಮನೆ, ಹೀಗೆ ಶನಿವಾರ ಭಾನುವಾರದವರೆಗೂ ಇದೆ. ಗುರುವಾರದ ಮುಂದೆ ಏನೂ ಬರೆದಿಲ್ಲ. ಒಂದು ಗೆರೆ ಎಳೆದಿದ್ದಾರೆ, ಅಷ್ಟೇ.

ಅವರು ಗುರುವಾರ ರಾತ್ರಿ ಊಟ ಮಾಡುತ್ತಿರಲಿಲ್ಲ. ರಾಯರ ವಾರ ಅಂತ ಹೇಳುತ್ತಿದ್ದರು. ನಾವೂ ಹಾಗೇ ಅಂದುಕೊಂಡಿದ್ದೆವು.

ಹೆಸರು ಬೇಡ ಅಂದಿದ್ದು ನಾನೇ. ಈಗಲೂ ಬೇಡ. ಉಳಿದದ್ದು ನೀವು ಹೇಗೆ ಮಾಡಿದರೂ ನನಗೆ ಒಪ್ಪಿಗೆ.

ಧಾರವಾಡ ಫೇಡೆ

ಮತ್ತೇನ್ರೀ, ಹೆಸರು ಸಿಕ್ಕಿತಲ್ಲ. ಗುರುವಾರ ನಿಧಿ ಅಂತ ಇಡಿರಿ.

ಹಿಂದಿನ ಬೆಂಚು

ಎರಡು ದಿನ ಇಲ್ಲಿ ಬರೆಯೋಕೆ ಆಗಲಿಲ್ಲ. ನಿನ್ನೆ ಸಂಜೆ ಏಳು ಜನ ಅಂಗಡಿಯಲ್ಲಿ ಸೇರಿದ್ದೆವು. ಟ್ರಸ್ಟ್ ಮಾಡಿಸೋದು ಅಂತ ಆಯಿತು, ಹೆಸರು ಗುರುವಾರ ನಿಧಿ. ಕಾರ್ಯಕ್ರಮ ಇಲ್ಲ, ಫೋಟೋ ಇಲ್ಲ. ಇಬ್ಬರಲ್ಲಿ ಒಬ್ಬರು ಡಿ.ಎಲ್.ಎಡ್ ಕಡ್ಡಾಯ. ಇನ್ನೊಬ್ಬರ ವಿಷಯದಲ್ಲಿ ಜಗಳ ಇನ್ನೂ ಮುಗಿದಿಲ್ಲ. ಗಟ್ಟಿಮಾತು ಬಾಂಡ್ ಬಿಟ್ಟುಕೊಟ್ಟಿದ್ದಾರೆ, ಅಂಕ ಬಿಟ್ಟುಕೊಟ್ಟಿಲ್ಲ. ಫೇಡೆಯವರ 350 ರೂಪಾಯಿ ಕಥೆ ಕೇಳಿ ಎಲ್ಲರೂ ಹೆದರಿ, ವರ್ಷಕ್ಕೆ ತಲಾ 1,000 ಅಸಲಿಗೆ ಹಾಕಲು ಒಪ್ಪಿದ್ದಾರೆ. ಇಂಟರ್ನ್‌ಶಿಪ್ ಶುರುವಾದ ತಿಂಗಳಿಂದ, ಪ್ರತಿ ತಿಂಗಳ ಮೊದಲ ಗುರುವಾರ ದುಡ್ಡು ಖಾತೆಗೆ ಬೀಳಬೇಕು.

ಬಳಪ, ಅರ್ಜಿ ಫಾರಂ ನೀನೇ ಬರೆದುಕೊಡು. ಏನೇನು ಕೇಳಬಾರದು ಅಂತ ನಿನಗೇ ಗೊತ್ತು.

ಬಳಪ

ಸರಿ ಅಣ್ಣ, ಒಂದೇ ಪುಟ ಮಾಡ್ತೀನಿ. ಹೆಸರು, ಕಾಲೇಜು, ಇಂಟರ್ನ್‌ಶಿಪ್ ಶಾಲೆ ಎಷ್ಟು ದೂರ, ಅದಕ್ಕೆ ಹೋಗೋಕೆ ಯಾವ ಕೆಲಸ ಬಿಡಬೇಕಾಯಿತು. ಆದಾಯ ಪ್ರಮಾಣಪತ್ರ ಆಯ್ಕೆ ಆದವರಿಂದ ಮಾತ್ರ, ಅದೂ ಫೋನಿನಲ್ಲಿ ಫೋಟೋ ಹೊಡೆದು ಕಳಿಸಿದರೆ ಸಾಕು. ಪಾಸ್‌ಪೋರ್ಟ್ ಸೈಜ್ ಫೋಟೋ ಅಂಟಿಸೋ ಜಾಗ ಇರಲ್ಲ.

ಕೊನೆಗೆ ಎರಡು ಗೆರೆ ಖಾಲಿ ಬಿಡ್ತೀನಿ. ನೀವು ಪಾಠ ಮಾಡುವಾಗ ನಿಮ್ಮ ಕಣ್ಣಿಗೆ ಬೀಳದೇ ಇದ್ದ ಒಂದು ಮಗುವಿನ ಬಗ್ಗೆ ಬರೆಯಿರಿ, ಅಂತ. ಜಾಸ್ತಿ ಆಯ್ತಾ?

ಸೀಮೆಸುಣ್ಣ

ಎರಡು ಗೆರೆ ಸಾಲಲ್ಲ ಮಗಳೇ. ಹಿಂದಿನ ಪುಟವನ್ನೂ ಕೊಡು.